ಕಾಂಗ್ರೆಸ್ ಕಟ್ಟಿದ ಹ್ಯೂಮ್ ಲಕ್ಷದ್ವೀಪಕ್ಕೆ ಹೋಗಿದ್ದೇಕೆ?

ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಸ್ನಾರ್ಕೆಲ್ ಹಾಕಿಕೊಂಡು ಹವಳ, ಮೀನು ನೋಡಿ ಬಂದವರ ವಿಡಿಯೊಗಳು ನಮ್ಮ ಮೊಬೈಲ್‌ಗೂ ಬರುತ್ತವೆ. ಜೀವಿಗಳನ್ನು ನೋಡಲೆಂದು ದ್ವೀಪಕ್ಕೆ ಹೋಗುವುದು ಈಚಿನ ಶೋಕಿ ಎಂದು ಅನೇಕರು ತಿಳಿದಿದ್ದಾರೆ. ಅದು ನಿಜವಲ್ಲ. ಸುಮಾರು 150 ವರ್ಷಗಳ ಹಿಂದೆಯೇ ಇದೇ ಅರಬ್ಬಿ ಸಮುದ್ರದಲ್ಲಿ ಹಕ್ಕಿಗಳಿಗಾಗಿ ಹಡಗು ಹತ್ತಿದವರೊಬ್ಬರಿದ್ದರು. ಅವರ ಹೆಸರನ್ನು ನಾವೆಲ್ಲ ಶಾಲೆಯಲ್ಲಿ ಬೇರೆಯೇ ಕಾರಣಕ್ಕೆ ಬಾಯಿಪಾಠ ಮಾಡಿದ್ದೇವೆ: ಅಲನ್ ಆಕ್ಟೇವಿಯನ್ ಹ್ಯೂಮ್, ಕಾಂಗ್ರೆಸ್ ಸ್ಥಾಪಕರಲ್ಲಿ ಒಬ್ಬರು.

ಯಾರು ಈ ಹ್ಯೂಮ್?

1829ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಹ್ಯೂಮ್ 1849ರಲ್ಲಿ ಭಾರತಕ್ಕೆ ಬಂದು ಸರ್ಕಾರಿ ಅಧಿಕಾರಿಯಾದರು. ಹಕ್ಕಿಗಳೆಂದರೆ ಪ್ರಾಣ. ಅವರ ಮೊದಲ ಸಂಗ್ರಹ 1857ರ ದಂಗೆಯಲ್ಲಿ ಹಾಳಾಯಿತು. ಮತ್ತೆ ಮೊದಲಿನಿಂದ ಶುರು ಮಾಡಿದರು. ಶಿಮ್ಲಾದ ಮನೆಯನ್ನೇ ಮ್ಯೂಸಿಯಂ ಮಾಡಿದರು. 1872ರಲ್ಲಿ 'ಸ್ಟ್ರೇ ಫೆದರ್ಸ್' ಎಂಬ ಪಕ್ಷಿ ಪತ್ರಿಕೆ ತಂದರು.

ದ್ವೀಪಯಾನ

1875ರಲ್ಲಿ 'ಕ್ಲೈಡ್' ಎಂಬ ಸರ್ಕಾರಿ ಸಮೀಕ್ಷಾ ಹಡಗಿನಲ್ಲಿ ಹ್ಯೂಮ್ ಲಕ್ಷದ್ವೀಪ ಸುತ್ತಿದರು. ಅಮಿನಿ, ಕಡಮತ್, ಕಿಲ್ತಾನ್ ಮುಂತಾದ ಉತ್ತರದ ದ್ವೀಪಗಳು ಆಗ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆ ದ್ವೀಪಗಳ ಮತ್ತು ಪಶ್ಚಿಮ ಕರಾವಳಿಯ ಹಕ್ಕಿಗಳ ಬಗ್ಗೆ ಮರುವರ್ಷ ದೊಡ್ಡ ಲೇಖನ ಬರೆದರು.

ಅಂದಿನ ಪಕ್ಷಿ ಅಧ್ಯಯನ ಇಂದಿನಂತಿರಲಿಲ್ಲ. ಹಕ್ಕಿಯನ್ನು ಗುಂಡಿಟ್ಟು ಕೊಂದು, ಚರ್ಮ ಸುಲಿದು, ಹತ್ತಿ ತುಂಬಿ ಇಡುತ್ತಿದ್ದರು. ಕಾಲಿಗೊಂದು ಚೀಟಿ, ಅದರಲ್ಲಿ ಜಾಗ ಮತ್ತು ತಾರೀಖು.

ರದ್ದಿಗೆ ಹೋದ 25 ವರ್ಷ

ಭಾರತದ ಹಕ್ಕಿಗಳೆಲ್ಲದರ ಮೇಲೊಂದು ಮಹಾಗ್ರಂಥ ಬರೆಯಬೇಕೆಂಬುದು ಅವರ ಕನಸು. 1883ರಲ್ಲಿ ಪ್ರವಾಸ ಮುಗಿಸಿ ಮನೆಗೆ ಬಂದಾಗ ಹಸ್ತಪ್ರತಿಯ ಹಾಳೆಗಳೇ ಇಲ್ಲ! ಮನೆಯಾಳು ಅವನ್ನು ರದ್ದಿಗೆ ಮಾರಿದ್ದ. ಸುಮಾರು 25 ವರ್ಷಗಳ ದುಡಿಮೆ ಮಣ್ಣುಪಾಲಾಯಿತು. ಶಿಮ್ಲಾದ ಭೂಕುಸಿತದಲ್ಲಿ ಮ್ಯೂಸಿಯಂಗೂ ಪೆಟ್ಟು ಬಿತ್ತು. ಮನಸ್ಸು ಮುರಿದ ಹ್ಯೂಮ್ 1885ರಲ್ಲಿ ತಮ್ಮ ಸಂಗ್ರಹವನ್ನು, ಸುಮಾರು 82,000 ಮಾದರಿಗಳನ್ನು, ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟುಬಿಟ್ಟರು. ಕಾಂಗ್ರೆಸ್‌ನ ಮೊದಲ ಅಧಿವೇಶನ ಮುಂಬೈಯಲ್ಲಿ ನಡೆದದ್ದೂ ಅದೇ ವರ್ಷದ ಡಿಸೆಂಬರ್‌ನಲ್ಲಿ. ಮುಂದೆ ಇಂಗ್ಲೆಂಡಿಗೆ ಮರಳಿ ಸಸ್ಯಗಳತ್ತ ತಿರುಗಿದರು. 1910ರಲ್ಲಿ ಲಂಡನ್‌ನಲ್ಲಿ ಸಸ್ಯಶಾಸ್ತ್ರ ಸಂಸ್ಥೆ ಕಟ್ಟಿ, 1912ರಲ್ಲಿ ತೀರಿಕೊಂಡರು.

ನಮಗೇನು ಪಾಠ?

ಹಾಳೆಗಳು ಹೋದರೂ ಆ ಹಕ್ಕಿಗಳು ಇಂದಿಗೂ ವಿಜ್ಞಾನಿಗಳಿಗೆ ಉಪಯೋಗಕ್ಕೆ ಬರುತ್ತಿವೆ. ಕಾರಣ ಆ ಪುಟ್ಟ ಚೀಟಿ. ಯಾವ ಹಕ್ಕಿ ಎಲ್ಲಿತ್ತು, ಯಾವಾಗ ಇತ್ತು ಎಂದು ಅದು ಹೇಳುತ್ತದೆ.

ಈಗ ನಮ್ಮ ಫಾರ್ವರ್ಡ್‌ಗಳನ್ನು ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿದಾಗ ಅದರೊಳಗಿನ ಜಾಗ, ತಾರೀಖಿನ ಮಾಹಿತಿ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಹಾಗಾಗಿಯೇ ಎಲ್ಲಿಯದೋ ಮೀನು ನೇತ್ರಾಣಿಯದಾಗಿಬಿಡುತ್ತದೆ. ಮುಂಡಗೋಡದ ಅತ್ತಿವೇರಿ ಪಕ್ಷಿಧಾಮವಿರಲಿ, ಚಿಗಳ್ಳಿಯ ನೀರಂಚಿರಲಿ, ನೇತ್ರಾಣಿಯಿರಲಿ, ಫೋಟೊ ಜೊತೆ ಜಾಗ ಮತ್ತು ದಿನಾಂಕವನ್ನು ನಾವೇ ಬರೆಯೋಣ. ನೀರಿಗಿಳಿದಾಗ ಹವಳವನ್ನು ಮುಟ್ಟದಿರೋಣ. ಅದು ಕಲ್ಲಲ್ಲ, ಜೀವಂತ ಪ್ರಾಣಿ. ಹ್ಯೂಮ್‌ಗೆ ಬಂದೂಕು ಬೇಕಾಗಿತ್ತು. ನಮಗೆ ಎರಡು ಸಾಲು ಸಾಕು.