ಹಳದಿ ಜ್ವರವನ್ನು ಪಳಗಿಸಿದ ಮ್ಯಾಕ್ಸ್ ಥೈಲರ್

ಆಫ್ರಿಕಾದ ಹಲವು ದೇಶಗಳಿಂದ ಹಜ್ಜ್‌ಗೆ ಬರುವ ಯಾತ್ರಿಕರು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಪ್ರಮಾಣಪತ್ರ ತೋರಿಸಬೇಕಾಗುತ್ತದೆ. ಆ ಲಸಿಕೆಯ ಹಿಂದೆ ಮ್ಯಾಕ್ಸ್ ಥೈಲರ್ ಎಂಬ ವಿಜ್ಞಾನಿಯ ಸಹನೆಯ ದುಡಿಮೆಯಿದೆ.

ಥೈಲರ್ 1899ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಜನಿಸಿದರು. ಲಂಡನ್ನಿನಲ್ಲಿ ವೈದ್ಯ ಶಿಕ್ಷಣ ಪಡೆದು 1922ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಸೇರಿದರು. ಸೊಳ್ಳೆಯಿಂದ ಹರಡುವ ಈ ಜ್ವರ ಸಂಶೋಧಕರನ್ನೂ ಬಿಡುತ್ತಿರಲಿಲ್ಲ. ಪಶ್ಚಿಮ ಆಫ್ರಿಕಾದಲ್ಲಿ ಅದನ್ನು ಅಭ್ಯಸಿಸುತ್ತಿದ್ದ ಏಡ್ರಿಯನ್ ಸ್ಟೋಕ್ಸ್ 1927ರಲ್ಲಿ, ಹಿಡೆಯೊ ನೊಗುಚಿ 1928ರಲ್ಲಿ ಅದಕ್ಕೇ ಬಲಿಯಾದರು. 1929ರಲ್ಲಿ ಥೈಲರ್ ಅವರಿಗೂ ರೋಗ ತಗಲಿತು. ಅವರು ಬದುಕುಳಿದರು, ದೇಹ ರೋಗನಿರೋಧಕ ಶಕ್ತಿ ಗಳಿಸಿತು. ಕೆಲಸ ಮಾತ್ರ ನಿಲ್ಲಲಿಲ್ಲ.

ದುಬಾರಿ ಕೋತಿಗಳ ಬದಲು ಬಿಳಿ ಇಲಿಗಳ ಮೇಲೂ ಪ್ರಯೋಗ ನಡೆಸಬಹುದೆಂದು 1930ರಲ್ಲಿ ತೋರಿಸಿದರು. ಬಳಿಕ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಪ್ರತಿಷ್ಠಾನದಲ್ಲಿ ವೈರಸ್ಸನ್ನು ಕೋಳಿ ಭ್ರೂಣದ ಅಂಗಾಂಶದಲ್ಲಿ ಮತ್ತೆ ಮತ್ತೆ ಬೆಳೆಸಿದರು. ಸುಮಾರು ನೂರು ಸಲವಾದಾಗ ಅದರ ಉಗ್ರತೆ ಕುಗ್ಗಿತ್ತು. ರಕ್ಷಣೆ ನೀಡುವ ಗುಣ ಉಳಿದಿತ್ತು. ಹೀಗೆ 1937ರಲ್ಲಿ '17ಡಿ' ಲಸಿಕೆ ಸಿದ್ಧವಾಯಿತು. ಸಹೋದ್ಯೋಗಿ ಹ್ಯೂ ಸ್ಮಿತ್ ಜೊತೆಗಿದ್ದರು.

1951ರಲ್ಲಿ ನೊಬೆಲ್ ಪ್ರಶಸ್ತಿ ಲಭಿಸಿತು. 1972ರಲ್ಲಿ ಅವರು ನಿಧನರಾದರು. ಅದೇ ಲಸಿಕೆ ಇಂದಿಗೂ ಬಳಕೆಯಲ್ಲಿದೆ. ಸಾಮಾನ್ಯವಾಗಿ ಒಂದೇ ಚುಚ್ಚುಮದ್ದು ಜೀವನಪೂರ್ತಿ ಕಾಯುತ್ತದೆ. ಜನರಿಗೆ ಪ್ರಯೋಜನವಾಗುವ ಜ್ಞಾನ, ಅದನ್ನು ಗಳಿಸಿದವರು ಮರಣಹೊಂದಿದ ಮೇಲೂ ಫಲ ನೀಡುತ್ತಿರುತ್ತದೆ.