ಕಾಳಾ ಕಿಲ್ಲೆಯೂ ಜೆರಾಲ್ಡ್ ಆಂಜಿಯರನೂ

ಧಾರಾವಿಯ ಮಕ್ಕಳಾದ ನಮಗೆ ಕಾಳಾ ಕಿಲ್ಲೆಯ ಹೆಸರು ಹೊಸದಲ್ಲ. ಆ ಹೆಸರಿನ ಬಸ್ ಡಿಪೋವನ್ನು ದಿನವೂ ನೋಡುತ್ತೇವೆ. ಆದರೆ ಆ ಕಿಲ್ಲೆಯನ್ನು ಏತಕ್ಕಾಗಿ ಕಟ್ಟಿದರೆಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಬಹುಮಂದಿ ಮೌನ ತಾಳುತ್ತೇವೆ. ಮೀಠಿ ನದಿಯ ಬದಿಯಲ್ಲಿ, ಮನೆಗಳ ನಡುವೆ ಮರೆಯಾಗಿ ನಿಂತಿರುವ ಆ ಕಪ್ಪುಗಲ್ಲಿನ ಗೋಡೆಯ ಕಥೆಯನ್ನು ತಿಳಿಯಬೇಕಾದರೆ, ಮುಂಬಯಿಯ ಮೊದಲ ಗವರ್ನರರಲ್ಲಿ ಅಗ್ರಗಣ್ಯನಾದ ಜೆರಾಲ್ಡ್ ಆಂಜಿಯರನ ಜೀವನವನ್ನು ತಿಳಿಯಬೇಕು.

1661ರ ಒಪ್ಪಂದದಂತೆ ಪೋರ್ತುಗಲ್ ದೇಶದ ರಾಜಕುಮಾರಿ ಕ್ಯಾಥರೀನಳ ವಿವಾಹದ ಬಳುವಳಿಯಾಗಿ ಮುಂಬಯಿ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಗೆ ಸಂದಿತು. ದೊರೆಗೆ ಅದು ವೆಚ್ಚದ ಹೊರೆಯಾಗಿ ಕಂಡಿತು. 1668ರಲ್ಲಿ ಆತನು ವರ್ಷಕ್ಕೆ ಕೇವಲ ಹತ್ತು ಪೌಂಡುಗಳ ಗೇಣಿಗೆ ಅದನ್ನು ಈಸ್ಟ್ ಇಂಡಿಯಾ ಕಂಪನಿಗೆ ವಹಿಸಿಕೊಟ್ಟನು. ಮರುವರ್ಷ ಸೂರತ್ತಿನ ಅಧ್ಯಕ್ಷನಾಗಿದ್ದ ಜಾರ್ಜ್ ಆಕ್ಸೆಂಡನ್ ತೀರಿಕೊಂಡಾಗ, ಅಲ್ಲಿಯ ಕೋಠಿಯಲ್ಲಿ ಅನುಭವ ಪಡೆದಿದ್ದ ಆಂಜಿಯರನು ಸೂರತ್ತಿನ ಅಧ್ಯಕ್ಷನೂ ಮುಂಬಯಿಯ ಗವರ್ನರನೂ ಆದನು.

ಅಂದಿನ ಮುಂಬಯಿ ಇಂದಿನ ಮಹಾನಗರವಲ್ಲ. ಏಳು ಪುಟ್ಟ ದ್ವೀಪಗಳು, ಅವುಗಳ ನಡುವೆ ಕೆಸರು, ಜೌಗು, ಜ್ವರ. ಬಂದ ಪರದೇಶಿಗಳಲ್ಲಿ ಅನೇಕರು ಕೆಲವೇ ಮಳೆಗಾಲಗಳಲ್ಲಿ ಮಣ್ಣುಗೂಡುತ್ತಿದ್ದರು. ಸುತ್ತಲೂ ಭಯ. ಉತ್ತರದ ಸಾಷ್ಟಿ ದ್ವೀಪದಲ್ಲಿ ಪೋರ್ತುಗೀಜರು, ದಕ್ಷಿಣದ ಜಂಜೀರಾದಲ್ಲಿ ಸಿದ್ದಿಯ ನೌಕಾಬಲ, ಎದುರಿನ ನೆಲದಲ್ಲಿ ಶಿವಾಜಿ ಮಹಾರಾಜರ ಬೆಳೆಯುತ್ತಿದ್ದ ರಾಜ್ಯ, ಕಡಲಿನಲ್ಲಿ ಡಚ್ಚರ ಹಡಗುಗಳು. ಇಂಥ ಸ್ಥಳದಲ್ಲಿ ಪಟ್ಟಣ ಬೆಳೆಯಬೇಕಾದರೆ ಮೊದಲು ರಕ್ಷಣೆ ಬೇಕೆಂಬುದನ್ನು ಆಂಜಿಯರನು ಮನಗಂಡನು.

ಆತನ ಯೋಜನೆಯಲ್ಲಿ ಎರಡು ಅಂಗಗಳಿದ್ದವು. ದಕ್ಷಿಣದ ಬಂದರಿನಲ್ಲಿ, ಪೋರ್ತುಗೀಜ ವೈದ್ಯ ಗಾರ್ಸಿಯಾ ದ ಓರ್ತಾ ಹಿಂದೆ ವಾಸವಾಗಿದ್ದ ಮನೆಯ ಸ್ಥಳದಲ್ಲಿ ಬುರುಜು, ಫಿರಂಗಿಗಳಿಂದ ಕೂಡಿದ ಭದ್ರವಾದ ಕೋಟೆ ಬೆಳೆಯಿತು. ಇದೇ ಬಾಂಬೆ ಕ್ಯಾಸಲ್. ಉತ್ತರದಲ್ಲಿ ಮಾಹೀಮಿನ ಹಿನ್ನೀರಿನ ಉದ್ದಕ್ಕೂ ಕಾವಲು ಬೇಕಾಗಿತ್ತು. ಭರತದ ಹೊತ್ತಿನಲ್ಲಿ ಅಲ್ಲಿ ದೋಣಿಗಳು ಒಳನುಗ್ಗಬಹುದು. ಇಳಿತವಾದಾಗ ನೀರು ತಗ್ಗಿದ ಕಡೆ ಜನರೇ ದಾಟಿ ಬರಬಹುದು. ಆದುದರಿಂದ ಹಗಲಿರುಳೂ ಕಣ್ಣಿಡುವ ಠಾಣೆಗಳಿಲ್ಲದೆ ದಕ್ಷಿಣದ ಕೋಟೆಯೊಂದರಿಂದ ಪ್ರಯೋಜನವಿರಲಿಲ್ಲ. ಸಾಯನ್ ಗುಡ್ಡದ ಕೋಟೆ ಆತನ ಆಡಳಿತ ಕಾಲದ್ದೆನ್ನುತ್ತಾರೆ. ರೀವಾ ಕೋಟೆ ಎಂದೂ ಕರೆಯಲ್ಪಡುವ ನಮ್ಮ ಕಾಳಾ ಕಿಲ್ಲೆಯನ್ನೂ ಆತನ ಹೆಸರಿಗೇ ಸೇರಿಸುತ್ತಾರೆ.

ಇಲ್ಲಿ ನಾವು ಒಂದು ವಿಷಯವನ್ನು ಲಕ್ಷ್ಯದಲ್ಲಿಡಬೇಕು. ಕಿಲ್ಲೆಯ ಗೋಡೆಯಲ್ಲಿರುವ ಶಿಲಾಫಲಕವು ಅದನ್ನು 1737ರಲ್ಲಿ ಗವರ್ನರ್ ಹಾರ್ನ್ ಎಂಬಾತನ ಅಪ್ಪಣೆಯಿಂದ ಕಟ್ಟಲಾಯಿತೆಂದು ತಿಳಿಸುತ್ತದೆ. ಅದೇ ವರ್ಷ ಮರಾಠರು ಸಾಷ್ಟಿಯನ್ನು ಪೋರ್ತುಗೀಜರಿಂದ ಗೆದ್ದುಕೊಂಡರು. ಹಿನ್ನೀರಿನ ಆಚೆ ದಡದಲ್ಲಿ ಪ್ರಬಲವಾದ ಹೊಸ ಶಕ್ತಿಯೊಂದು ಬಂದು ನಿಂತಿತು. ಆದುದರಿಂದ ನಾವು ಕಾಣುವ ಗೋಡೆ ಹಾರ್ನನ ಕಾಲದ್ದೆನ್ನಬೇಕು. ಉತ್ತರದ ಗಡಿಯನ್ನು ಕಾಯಬೇಕೆಂಬ ದೃಷ್ಟಿಯಾದರೋ ಅದಕ್ಕಿಂತ ಅರವತ್ತು ವರ್ಷ ಹಳೆಯದು.

ಗೋಡೆಗಳಷ್ಟೇ ಊರನ್ನು ಕಾಯಲಾರವು. ಕಾಯುವ ಜನರು ಬೇಕು. ಆಂಜಿಯರನು ಊರಿನ ಭೂಮಾಲಿಕರು ಆಳುಗಳನ್ನು ಒದಗಿಸುವ ನಾಡದಳವೊಂದನ್ನು ಕಟ್ಟಿದನು. ಅದರ ಪರೀಕ್ಷೆ ಬೇಗನೆ ಒದಗಿತು. 1673ರ ಫೆಬ್ರವರಿಯಲ್ಲಿ ಡಚ್ಚರ ಸೇನಾನಿ ವಾನ್ ಖೂನ್ಸ್ ಇಪ್ಪತ್ತೆರಡು ಹಡಗುಗಳೊಡನೆ ಮುಂಬಯಿಯ ಮುಂದೆ ಕಾಣಿಸಿಕೊಂಡನು. ಆಂಜಿಯರನ ಬಳಿ 300 ಇಂಗ್ಲಿಷ್ ಸಿಪಾಯಿಗಳು, 400 ತೋಪಾಸಿಗಳು, ನಾಡದಳದ 500 ಮಂದಿ, ದೊಣ್ಣೆ ಹಿಡಿದ 300 ಭಂಡಾರಿಗಳು ಇದ್ದರು. ಆತನು ಧೈರ್ಯಗೆಡದೆ ತಾನೇ ಎಲ್ಲೆಡೆ ನಿಂತು ವ್ಯವಸ್ಥೆ ಮಾಡಿದನು. ಆ ಸಿದ್ಧತೆಯನ್ನು ಕಂಡ ಡಚ್ಚರು ದ್ವೀಪಕ್ಕೆ ಕಾಲಿಡದೆ ಹಿಂದಿರುಗಿದರು.

ಅದೇ ವರ್ಷ ಮರಾಠಾ ಸೈನ್ಯವು ನಮ್ಮ ಹುಬ್ಬಳ್ಳಿಯನ್ನು ಕೊಳ್ಳೆ ಹೊಡೆದಾಗ ಅಲ್ಲಿಯ ಕಂಪನಿಯ ಕೋಠಿಯೂ ಲೂಟಿಯಾಯಿತು. ಆಂಜಿಯರನು ಯುದ್ಧಕ್ಕೆ ಹೊರಡಲಿಲ್ಲ, ಪರಿಹಾರವನ್ನು ಕೇಳಿದನು. 1674ರಲ್ಲಿ ಶಿವಾಜಿ ಮಹಾರಾಜರ ಪಟ್ಟಾಭಿಷೇಕಕ್ಕೆ ಹೆನ್ರಿ ಆಕ್ಸೆಂಡನನನ್ನು ರಾಯಗಡಕ್ಕೆ ಕಳುಹಿಸಿ ಸಂಧಿ ಮಾಡಿಕೊಂಡನು. ಬಲಕ್ಕಿಂತ ಸಂಧಾನದಿಂದ ಹೆಚ್ಚು ಕಾರ್ಯ ಸಾಧ್ಯವೆಂದು ಆತನು ಬಲ್ಲನು.

1672ರಲ್ಲಿ ನ್ಯಾಯಾಲಯ ತೆರೆಯಿತು. ಗುಜರಾತಿನ ವರ್ತಕರಿಗೆ ಅವರವರ ಧರ್ಮಾಚರಣೆಗೆ ಅಡ್ಡಿಯಾಗದೆಂಬ ಭರವಸೆ ದೊರೆಯಿತು. ಹತ್ತು ಸಾವಿರದಷ್ಟಿದ್ದ ಜನಸಂಖ್ಯೆ ಆತನ ಕಾಲದಲ್ಲಿ ಅರವತ್ತು ಸಾವಿರಕ್ಕೇರಿತೆಂದು ಅಂದಿನವರು ಎಣಿಸಿದರು. ಆದರೆ ಲಂಡನ್ನಿನ ಧಣಿಗಳಿಗೆ ಕೋಟೆಯ ಖರ್ಚೇ ಕಣ್ಣು ಕುಕ್ಕುತ್ತಿತ್ತು. ಆತನಿಗೆ ಶ್ಲಾಘನೆಗಿಂತ ಆಕ್ಷೇಪಣೆಯೇ ಹೆಚ್ಚಾಗಿ ಸಂದಿತು. ದೇಹ ಕುಗ್ಗಿ, 1677ರ ಜೂನ್ 30ರಂದು ಆತನು ಸೂರತ್ತಿನಲ್ಲಿ ಕೊನೆಯುಸಿರೆಳೆದನು.

ಆಂಜಿಯರನು ದುಡಿದುದು ಕಂಪನಿಯ ಲಾಭಕ್ಕಾಗಿ ಎಂಬುದನ್ನು ನಾವು ಮರೆಯಲಾಗದು. ಆ ಕಂಪನಿಯೇ ಮುಂದೆ ನಮ್ಮ ದೇಶವನ್ನು ದಾಸ್ಯಕ್ಕೆ ತಳ್ಳಿತು. ಆದರೂ ನಾನಾ ಮತ, ನಾನಾ ಭಾಷೆಯ ಜನ ಒಂದೆಡೆ ಬಾಳುವ ಊರಿಗೆ ಆತನು ತಳಹದಿ ಹಾಕಿದನು. ಹೊಟ್ಟೆಪಾಡಿಗಾಗಿ ಕನ್ನಡ ನಾಡಿನಿಂದ ಬಂದ ನಮ್ಮ ಹಿರಿಯರಿಗೂ ಆ ಊರೇ ಆಶ್ರಯವಿತ್ತಿತು.

ಪಟ್ಟಣದ ಸುತ್ತಣ ಕೋಟೆಗೋಡೆಯನ್ನು 1860ರ ದಶಕದಲ್ಲಿ ಕೆಡವಿಹಾಕಿದರು. ಈಗ ಅಲ್ಲಿ ಉಳಿದಿರುವುದು ಹೆಚ್ಚಾಗಿ ಫೋರ್ಟ್ ಎಂಬ ಹೆಸರು. ಧಾರಾವಿಯ ಕಿಲ್ಲೆಯಾದರೋ ಶಿಥಿಲವಾಗಿದ್ದರೂ ನಿಂತಿದೆ. ಅದರ ಫಲಕದಲ್ಲಿ ಅಧಿಕಾರಿಗಳ ಹೆಸರಿದೆ. ಕಲ್ಲು ಕಡಿದವರ, ಸುಣ್ಣ ಹೊತ್ತವರ ಹೆಸರಿಲ್ಲ. ಅವರೂ ನಮ್ಮಂತೆ ದುಡಿದು ಉಣ್ಣುವ ಜನ. ಅವರ ಕೈಕೆಲಸ ಕಸದಡಿಯಲ್ಲಿ ಮುಚ್ಚಿಹೋಗದಂತೆ ನೋಡಿಕೊಳ್ಳುವುದು ಅದರ ನೆರೆಯಲ್ಲೇ ಬೆಳೆಯುತ್ತಿರುವ ನಮ್ಮ ಕರ್ತವ್ಯ.