ರಾಮೆನ್ ಸೂಪಿನ ರುಚಿ ಹುಡುಕಿದ ಪ್ರೊಫೆಸರ್ ಮತ್ತು ನಾವು ಹೆದರುವ ಬಿಳಿ ಪುಡಿ

ಹಯಾವೊ ಮಿಯಾಝಾಕಿ ಅವರ 2008ರ ಕಾರ್ಟೂನ್ ಸಿನಿಮಾ ‘ಪೊನ್ಯೊ’ ನೋಡಿದ್ದೀರಾ? ಮೀನಾಗಿದ್ದವಳು ಹುಡುಗಿಯಾಗಿ, ಬಿರುಗಾಳಿಯ ರಾತ್ರಿ ಸಮುದ್ರದಿಂದ ಓಡಿಬಂದು, ಸೋಸುಕೆ ಎಂಬ ಐದು ವರ್ಷದ ಹುಡುಗನ ಮನೆ ಸೇರುವ ಕಥೆ ಅದು. ಅವನ ಅಮ್ಮ ಎರಡು ಬಟ್ಟಲಿಗೆ ಇನ್‌ಸ್ಟಂಟ್ ರಾಮೆನ್ ಹಾಕಿ, ಬಿಸಿನೀರು ಸುರಿದು ಮುಚ್ಚಿಡುತ್ತಾಳೆ. ಮಕ್ಕಳಿಬ್ಬರೂ ಕಾಯುತ್ತಾರೆ. ಮುಚ್ಚಳ ತೆಗೆದರೆ ಹಬೆಯ ನಡುವೆ ಮೊಟ್ಟೆ, ಈರುಳ್ಳಿ ಸೊಪ್ಪು, ಹ್ಯಾಮ್! ಆ ದೃಶ್ಯ ನೋಡಿ ಹಸಿವಾಗದವರು ಕಡಿಮೆ.

ನನ್ನ ಅಕ್ಕನ ಮಗಳಿಗೂ ಹಾಗೇ ಆಯಿತು. ಚಿಕ್ಕಿ, ನಮಗೂ ಅದನ್ನೇ ಮಾಡು, ಆದರೆ ಖಾರ ಜಾಸ್ತಿ ಹಾಕು ಅಂತ ಹಟ. ಸಿನಿಮಾದ ರಾಮೆನ್ ಖಾರದ್ದಲ್ಲ, ಆದರೆ ನಮ್ಮ ಮನೆಯಲ್ಲಿ ಖಾರವಿಲ್ಲದಿದ್ದರೆ ಊಟವೇ ಅಲ್ಲ. ಸಾಮಾನಿನ ಪಟ್ಟಿ ಬರೆದೆ. ಅದರಲ್ಲಿ ಅಜಿನೊಮೊಟೊ ನೋಡಿದ್ದೇ ಅಮ್ಮ ಪಟ್ಟಿಯನ್ನೇ ಕೈಯಿಂದ ಕಿತ್ತುಕೊಂಡರು. ಮಗುವಿಗೆ ವಿಷ ಹಾಕುತ್ತೀಯಾ ಎಂಬ ಧಾಟಿಯಲ್ಲಿ ನನ್ನನ್ನು ನೋಡಿದರು.

ಗೋಬಿ ಮಂಚೂರಿ ಗಾಡಿಗಳಲ್ಲಿ ‘ಟೇಸ್ಟಿಂಗ್ ಪೌಡರ್’ ಎಂದು ಕರೆಯುವ ಈ ಬಿಳಿ ಪುಡಿಯ ಹಿಂದೆ ಒಬ್ಬ ಮನುಷ್ಯನಿದ್ದಾನೆ. ಅವನ ಕಥೆ ತಿಳಿದರೆ ಅಮ್ಮನ ಭಯ ಎಲ್ಲಿಂದ ಬಂತು ಎಂಬುದೂ ತಿಳಿಯುತ್ತದೆ.

ಕಿಕುನಾಯೆ ಇಕೆಡಾ ಹುಟ್ಟಿದ್ದು 1864ರ ಅಕ್ಟೋಬರ್ 8ರಂದು, ಜಪಾನಿನ ಕ್ಯೋಟೊದಲ್ಲಿ. ಅವರದು ದಕ್ಷಿಣದ ಸತ್ಸುಮಾ ಸಂಸ್ಥಾನಕ್ಕೆ ಸೇರಿದ ಸಮುರಾಯ್ ಮನೆತನ. ಅವರಿಗೆ ನಾಲ್ಕು ವರ್ಷ ತುಂಬುವ ಹೊತ್ತಿಗೆ ಶೋಗನ್‌ಗಳ ಆಳ್ವಿಕೆ ಮುಗಿದು ಮೇಜಿ ಯುಗ ಶುರುವಾಗಿತ್ತು. ಕೆಲವೇ ವರ್ಷಗಳಲ್ಲಿ ಸಮುರಾಯ್‌ಗಳ ಸಂಬಳ, ಕತ್ತಿ, ಗತ್ತು ಎಲ್ಲ ಹೋದವು. ಹೊಸ ಜಪಾನಿನಲ್ಲಿ ಮೇಲೆ ಬರಲು ಓದೇ ದಾರಿ. ಇಕೆಡಾ ರಸಾಯನಶಾಸ್ತ್ರ ಹಿಡಿದರು. 1889ರಲ್ಲಿ ಟೋಕಿಯೊದಲ್ಲಿ ಪದವಿ ಮುಗಿಸಿ, ಕೆಲಕಾಲ ಮೇಷ್ಟರಾಗಿದ್ದು, 1896ರಲ್ಲಿ ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ ಸಹ ಪ್ರಾಧ್ಯಾಪಕರಾದರು.

1899ರಲ್ಲಿ ಸರ್ಕಾರ ಅವರನ್ನು ಜರ್ಮನಿಯ ಲೀಪ್ಜಿಗ್‌ಗೆ ಕಳಿಸಿತು. ಅಲ್ಲಿ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಅವರ ಪ್ರಯೋಗಾಲಯದಲ್ಲಿ ಕೆಲಸ. ಭೌತ ರಸಾಯನಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಓಸ್ಟ್‌ವಾಲ್ಡ್‌ಗೆ ಮುಂದೆ 1909ರಲ್ಲಿ ನೊಬೆಲ್ ಬಂತು. ಆದರೆ ಇಕೆಡಾ ಮನಸ್ಸಿನಲ್ಲಿ ಉಳಿದದ್ದು ಬರೀ ಲ್ಯಾಬ್ ಅಲ್ಲ. ಜರ್ಮನರ ಮೈಕಟ್ಟು, ಅವರ ಊಟ. ತಮ್ಮ ದೇಶದ ಜನ ಅನ್ನ, ತರಕಾರಿ, ಸೋಯಾ ತಿಂದು ಬದುಕುವವರು. ಅವರ ಪೌಷ್ಟಿಕತೆ ಸುಧಾರಿಸುವುದು ಹೇಗೆ ಎಂಬ ಚಿಂತೆ ಅಲ್ಲಿಂದ ಅವರ ಜೊತೆಗೇ ಬಂತು.

ವಾಪಸು ಬರುವ ಮುನ್ನ, 1901ರಲ್ಲಿ, ಕೆಲಕಾಲ ಲಂಡನ್ನಿನಲ್ಲಿದ್ದರು. ಅಲ್ಲಿ ಒಂದೇ ಬಾಡಿಗೆ ಮನೆಯಲ್ಲಿ ಅವರ ಜೊತೆಗಿದ್ದವರು ಯಾರು ಗೊತ್ತೇ? ಮುಂದೆ ಜಪಾನಿನ ಅತಿ ದೊಡ್ಡ ಕಾದಂಬರಿಕಾರರೆನಿಸಿದ ನತ್ಸುಮೆ ಸೊಸೆಕಿ. ಒಂಟಿತನದಿಂದ ಕುಗ್ಗಿಹೋಗಿದ್ದ ಸೊಸೆಕಿಗೆ ಈ ವಿಜ್ಞಾನಿಯ ಮಾತುಕತೆ ಹೊಸ ಹುರುಪು ಕೊಟ್ಟಿತು. ಸಾಹಿತ್ಯವನ್ನೂ ವಿಜ್ಞಾನದ ಶಿಸ್ತಿನಿಂದ ನೋಡಬೇಕೆಂಬ ಅವರ ಯೋಚನೆಯ ಹಿಂದೆ ಇಕೆಡಾ ಇದ್ದಾರೆ. ಇನ್ನೊಂದು ತಮಾಷೆ: ‘ಪೊನ್ಯೊ’ದ ಸೋಸುಕೆಗೆ ಆ ಹೆಸರು ಬಂದದ್ದು ಸೊಸೆಕಿಯ ಕಾದಂಬರಿಯೊಂದರ ನಾಯಕನಿಂದ!

ಈಗ ಅಡುಗೆಮನೆಗೆ ಬರೋಣ. ಜಪಾನಿ ಅಡುಗೆಯ ತಳಪಾಯ ‘ದಾಶಿ’ ಎಂಬ ತಿಳಿ ಸಾರು. ಅದರಲ್ಲಿ ಎಣ್ಣೆಯಿಲ್ಲ, ಮಸಾಲೆಯಿಲ್ಲ. ಕೊಂಬು ಎಂಬ ಅಗಲ ಎಲೆಯ ಕಡಲಪಾಚಿಯನ್ನು ನೀರಿನಲ್ಲಿ ನೆನೆಸಿ ಬಿಸಿ ಮಾಡಿದರೆ ಅಷ್ಟೇ. ಆದರೂ ಅದರಲ್ಲಿ ಬೆಂದ ತೋಫು ತಿಂದರೆ ನಾಲಗೆಯ ಮೇಲೆ ಏನೋ ತುಂಬಿಕೊಂಡಂತಿರುತ್ತದೆ. ಇಕೆಡಾ ಅವರ ಪ್ರಶ್ನೆ ಶುರುವಾದದ್ದು ಇಂಥ ಊಟದಿಂದಲೇ. ಇದು ಸಿಹಿಯಲ್ಲ, ಹುಳಿಯಲ್ಲ, ಉಪ್ಪಲ್ಲ, ಕಹಿಯೂ ಅಲ್ಲ. ಮತ್ತೇನು? ಅದೇ ಹೊತ್ತಿಗೆ, ರುಚಿಯಾದ ಆಹಾರ ಜೀರ್ಣಕ್ರಿಯೆಗೆ ನೆರವಾಗುತ್ತದೆ ಎಂದು ಜಪಾನಿನ ವೈದ್ಯರೊಬ್ಬರು ಬರೆದಿದ್ದನ್ನು ಅವರು ಓದಿದರು. ಬಡವರ ಸಪ್ಪೆ ಊಟಕ್ಕೆ ಅಗ್ಗದಲ್ಲಿ ರುಚಿ ಕೊಟ್ಟರೆ ಜನ ಅದನ್ನೇ ಚೆನ್ನಾಗಿ ತಿಂದಾರು! ಲೀಪ್ಜಿಗ್‌ನ ಚಿಂತೆಗೆ ಒಂದು ದಾರಿ ಸಿಕ್ಕಿತು.

1907ರಲ್ಲಿ ಕೆಲಸ ಆರಂಭಿಸಿದರು. ಒಣ ಕೊಂಬುವಿನ ಮೇಲೆ ಬಿಳಿ ಹಿಟ್ಟಿನಂತೆ ಕಾಣುವುದು ಮ್ಯಾನಿಟಾಲ್ ಎಂಬ ಸಕ್ಕರೆ ಜಾತಿಯ ವಸ್ತು. ಅದನ್ನು ಬೇರ್ಪಡಿಸಿದರು, ಸಾರಿನ ರುಚಿ ಹೋಗಲಿಲ್ಲ. ಉಪ್ಪುಗಳನ್ನು ತೆಗೆದರು, ಆಗಲೂ ಹೋಗಲಿಲ್ಲ. ಹೀಗೆ ಒಂದೊಂದನ್ನೇ ಕಳೆಯುತ್ತಾ ಹೋಗಿ, 1908ರಲ್ಲಿ ಸುಮಾರು 12 ಕಿಲೊ ಕೊಂಬುವಿನಿಂದ ಅವರ ಕೈಗೆ ಬಂದದ್ದು ಸುಮಾರು 30 ಗ್ರಾಂ ಹರಳು. ಅದು ಗ್ಲುಟಾಮಿಕ್ ಆಮ್ಲ. ವಸ್ತು ಹೊಸದಲ್ಲ. 1866ರಲ್ಲೇ ಜರ್ಮನ್ ವಿಜ್ಞಾನಿ ರಿಟ್‌ಹೌಸೆನ್ ಗೋಧಿಯ ಅಂಟಿನಿಂದ ಅದನ್ನು ತೆಗೆದಿದ್ದರು. ಆದರೆ ಆಮ್ಲವಾಗಿ ನೆಕ್ಕಿದರೆ ಅದು ಬರೀ ಹುಳಿ, ಹಾಗಾಗಿ ಯಾರೂ ಅದನ್ನು ರುಚಿಯ ಮೂಲ ಎಂದುಕೊಂಡಿರಲಿಲ್ಲ. ಆಮ್ಲವನ್ನು ಲವಣವಾಗಿ ಬದಲಿಸಿದಾಗ ದಾಶಿಯ ರುಚಿ ಎದ್ದು ಬರುತ್ತದೆ ಎಂದು ಕಂಡವರು ಇಕೆಡಾ. ಸಕ್ಕರೆಯ ರುಚಿ ಗೊತ್ತಾಗಲು 200 ಪಾಲು ನೀರಿಗೆ ಒಂದು ಪಾಲು ಬೇಕು, ಉಪ್ಪಿಗೆ 400ಕ್ಕೆ ಒಂದು. ಇದು 3000 ಪಾಲಿಗೆ ಒಂದು ಪಾಲು ಇದ್ದರೂ ನಾಲಗೆಗೆ ಗೊತ್ತಾಗುತ್ತದೆ ಎಂದು ಅವರ ಲೆಕ್ಕ.

ಆ ರುಚಿಗೆ ಅವರಿಟ್ಟ ಹೆಸರು ‘ಉಮಾಮಿ’. ಜಪಾನಿಯಲ್ಲಿ ಅದು ರುಚಿಕಟ್ಟು ಎಂಬುದಕ್ಕೆ ಹತ್ತಿರದ ಮಾತು. ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸೋಡಿಯಂ ಲವಣಗಳನ್ನು ಹೋಲಿಸಿ ನೋಡಿ ಸೋಡಿಯಂ ಲವಣವನ್ನು ಆರಿಸಿದರು. ಅದು ನೀರಲ್ಲಿ ಬೇಗ ಕರಗುತ್ತದೆ, ತೇವ ಹೀರಿ ಗಟ್ಟಿಯಾಗುವುದಿಲ್ಲ. ಅದೇ ಮೋನೊಸೋಡಿಯಂ ಗ್ಲುಟಮೇಟ್, ಅಂದರೆ ಎಂಎಸ್‌ಜಿ. 1908ರ ಜುಲೈನಲ್ಲಿ ಪೇಟೆಂಟ್ ಸಿಕ್ಕಿತು.

ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮ ಷಡ್ರಸಗಳಲ್ಲಿ ಸಿಹಿ, ಹುಳಿ, ಉಪ್ಪು, ಕಹಿ ಜೊತೆಗೆ ಖಾರ ಮತ್ತು ಒಗರು ಇವೆ. ಇಂದಿನ ವಿಜ್ಞಾನದ ಪ್ರಕಾರ ಖಾರ ರುಚಿಯೇ ಅಲ್ಲ, ಅದು ನೋವು! ಮೆಣಸಿನಕಾಯಿಯ ಕ್ಯಾಪ್ಸೈಸಿನ್, ಬಿಸಿಯನ್ನು ಗುರುತಿಸುವ ನರಗಳನ್ನೇ ಕೆಣಕುತ್ತದೆ. ಆದ್ದರಿಂದಲೇ ಮೆಣಸಿನಕಾಯಿ ಹೆಚ್ಚಿದ ಕೈ ಕಣ್ಣಿಗೆ ತಾಗಿದರೂ ಉರಿ. ರಾಮೆನ್‌ಗೆ ಎಷ್ಟೇ ಖಾರ ಸುರಿದರೂ ಸೂಪು ಸಪ್ಪೆ ಅನಿಸುವುದು ಇದಕ್ಕೇ. ನಾಲಗೆ ಉರಿಯುತ್ತದೆ, ರುಚಿ ಬರುವುದಿಲ್ಲ. ಅದಕ್ಕೆ ಉಮಾಮಿ ಬೇಕು.

ಪೇಟೆಂಟ್ ಇದ್ದರೆ ಸಾಕೆ, ತಯಾರಿಸುವವರು ಬೇಡವೇ? ಕಡಲಪಾಚಿಯಿಂದ ಅಯೋಡಿನ್ ತೆಗೆದು ಮಾರುತ್ತಿದ್ದ ಸಬುರೊಸುಕೆ ಸುಝುಕಿ ಎಂಬ ವ್ಯಾಪಾರಿ ಜೊತೆಯಾದರು. 30 ಗ್ರಾಂಗೆ 12 ಕಿಲೊ ಕೊಂಬು ಸುರಿದರೆ ಗಿಟ್ಟುವುದಿಲ್ಲವಲ್ಲ! ಹಾಗಾಗಿ ಗೋಧಿಯ ಅಂಟನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸುವ ದಾರಿ ಹಿಡಿದರು. ಆಮ್ಲ ಪಾತ್ರೆಗಳನ್ನೇ ತಿಂದುಹಾಕುತ್ತಿತ್ತು, ಕೊನೆಗೆ ಸುಟ್ಟ ಮಣ್ಣಿನ ಜಾಡಿಗಳು ಕೈಹಿಡಿದವು. 1909ರ ಮೇ ತಿಂಗಳಲ್ಲಿ ‘ಅಜಿನೊಮೊಟೊ’ ಅಂಗಡಿಗೆ ಬಂತು. ಹೆಸರಿನ ಅರ್ಥ ರುಚಿಯ ಮೂಲ. ಅಂದರೆ ನಾವು ವಸ್ತುವಿನ ಹೆಸರು ಎಂದುಕೊಂಡಿರುವುದು ನಿಜಕ್ಕೂ ಒಂದು ಕಂಪನಿಯ ಬ್ರಾಂಡ್.

ಮೊದಲ ಸುಳ್ಳು ಸುದ್ದಿ ಹುಟ್ಟಿದ್ದು ಜಪಾನಿನಲ್ಲೇ. ಇಕೆಡಾ ಬದುಕಿದ್ದಾಗಲೇ, ಈ ಪುಡಿಯನ್ನು ಹಾವಿನಿಂದ ಮಾಡುತ್ತಾರೆ ಎಂಬ ಗಾಳಿಸುದ್ದಿ ಊರೆಲ್ಲ ಹಬ್ಬಿತು. ವಾಟ್ಸಾಪ್ ಇಲ್ಲದ ಕಾಲ! ತಮ್ಮ ಪುಡಿಯಲ್ಲಿ ಹಾವಿಲ್ಲ ಎಂದು ಕಂಪನಿಯವರು ಪತ್ರಿಕೆಗಳಲ್ಲಿ ಜಾಹೀರಾತು ಹಾಕಬೇಕಾಯಿತು. ಇದು ವೆಜ್ಜಾ ನಾನ್‌ವೆಜ್ಜಾ ಎಂದು ಇವತ್ತಿಗೂ ಕೇಳುವವರಿದ್ದಾರೆ. ಆಗ ಗೋಧಿ, 1950ರ ದಶಕದ ಕೊನೆಯಿಂದ ಕಬ್ಬಿನ ಕಾಕಂಬಿ, ಮರಗೆಣಸಿನ ಪಿಷ್ಟದಂಥವುಗಳನ್ನು ಬ್ಯಾಕ್ಟೀರಿಯಾ ಬಳಸಿ ಹುದುಗಿಸಿ ಮಾಡುತ್ತಾರೆ. ಮೊಸರು ಹೆಪ್ಪಾಗುವುದೂ ಬ್ಯಾಕ್ಟೀರಿಯಾದಿಂದಲೇ ತಾನೆ?

ಇಕೆಡಾಗೆ ಹೆಚ್ಚು ಪೆಟ್ಟು ಕೊಟ್ಟದ್ದು ಹಾವಿನ ಕಥೆಯಲ್ಲ, ವಿಜ್ಞಾನಿಗಳ ಮೌನ ಎಂದು ನನಗನಿಸುತ್ತದೆ. 1909ರಲ್ಲಿ ಅವರು ಪ್ರಕಟಿಸಿದ ಲೇಖನ ಜಪಾನಿ ಭಾಷೆಯಲ್ಲಿತ್ತು. ಅದರ ಇಂಗ್ಲಿಷ್ ಅನುವಾದ ವಿಜ್ಞಾನ ಪತ್ರಿಕೆಯಲ್ಲಿ ಬಂದದ್ದು 2002ರಲ್ಲಿ! ಮೂಲ ರುಚಿಗಳು ನಾಲ್ಕೇ ಎಂದು ಪಶ್ಚಿಮದ ಪಠ್ಯಪುಸ್ತಕಗಳು ಹೇಳುತ್ತಲೇ ಹೋದವು. ಅವರ ಶಿಷ್ಯ ಶಿಂತಾರೊ ಕೊಡಾಮಾ 1913ರಲ್ಲಿ ಒಣಮೀನಿನಲ್ಲಿ ಇನ್ನೊಂದು ಉಮಾಮಿ ವಸ್ತು ಕಂಡುಹಿಡಿದರೂ ಹೊರಗಿನ ಜಗತ್ತು ಕಿವಿಗೊಡಲಿಲ್ಲ. ಒಳ್ಳೆಯ ವಿಜ್ಞಾನ ತನ್ನಷ್ಟಕ್ಕೆ ತಾನೇ ಎಲ್ಲರಿಗೂ ತಲುಪುತ್ತದೆ ಎಂದು ನಂಬುವವರಿಗೆ ನಾನು ಈ 93 ವರ್ಷಗಳ ಲೆಕ್ಕ ತೋರಿಸುತ್ತೇನೆ.

ಇಕೆಡಾ ಮಾತ್ರ ಸುಮ್ಮನೆ ಕೂರಲಿಲ್ಲ. 1917ರಲ್ಲಿ ರಿಕೆನ್ ಎಂಬ ಸಂಶೋಧನಾ ಸಂಸ್ಥೆ ಕಟ್ಟಿದವರಲ್ಲಿ ಒಬ್ಬರಾದರು. 1923ರಲ್ಲಿ ವಿಶ್ವವಿದ್ಯಾಲಯದಿಂದ ನಿವೃತ್ತರಾಗಿ, ಮರುವರ್ಷ ಮತ್ತೆ ಲೀಪ್ಜಿಗ್‌ಗೆ ಹೋಗಿ, ಅಲ್ಲಿ ಮನೆಯಲ್ಲೇ ಲ್ಯಾಬ್ ಮಾಡಿಕೊಂಡರು. 1931ರಲ್ಲಿ ಊರಿಗೆ ಮರಳಿದರು. 1936ರ ಮೇ 3ರಂದು, 71ನೇ ವಯಸ್ಸಿನಲ್ಲಿ, ಟೋಕಿಯೊದಲ್ಲಿ ತೀರಿಕೊಂಡರು.

ಅಮ್ಮನ ಭಯ ಹುಟ್ಟಿದ್ದು ಅವರು ಸತ್ತು 32 ವರ್ಷಗಳ ನಂತರ. 1968ರಲ್ಲಿ ಅಮೆರಿಕದ ವೈದ್ಯರೊಬ್ಬರು, ಚೀನೀ ಹೋಟೆಲ್ಲಿನಲ್ಲಿ ಉಂಡ ಮೇಲೆ ಕುತ್ತಿಗೆ ಜೋಮು ಹಿಡಿದು ಎದೆ ಬಡಿತ ಹೆಚ್ಚುತ್ತದೆ ಎಂದು ವೈದ್ಯಕೀಯ ಪತ್ರಿಕೆಯೊಂದಕ್ಕೆ ಪತ್ರ ಬರೆದರು. ಕಾರಣ ಸೋಯಾ ಸಾಸ್ ಇರಬಹುದು, ಅಡುಗೆಯ ವೈನ್, ಎಂಎಸ್‌ಜಿ ಅಥವಾ ಉಪ್ಪು ಇರಬಹುದು ಎಂದು ಅಂದಾಜು ಮಾಡಿದ್ದರು, ಅಷ್ಟೇ. ಪ್ರಯೋಗವಲ್ಲ, ಪತ್ರ. ಜನರಿಗೆ ಎಂಎಸ್‌ಜಿ ಒಂದೇ ನೆನಪಿನಲ್ಲಿ ಉಳಿಯಿತು. ಮರುವರ್ಷ ಹಸುಗೂಸು ಇಲಿಗಳಿಗೆ ಭಾರೀ ಪ್ರಮಾಣದಲ್ಲಿ ಚುಚ್ಚಿದಾಗ ಮಿದುಳಿಗೆ ಹಾನಿಯಾಯಿತು ಎಂಬ ವರದಿ ಬಂತು. ಆದರೆ ನಾವು ಊಟದಲ್ಲಿ ಚಿಟಿಕೆ ತಿನ್ನುತ್ತೇವೆ, ಚುಚ್ಚಿಕೊಳ್ಳುವುದಿಲ್ಲ. ತಿಂದ ಗ್ಲುಟಮೇಟಿನಲ್ಲಿ ಹೆಚ್ಚಿನಂಶವನ್ನು ಕರುಳಿನ ಜೀವಕೋಶಗಳೇ ಬಳಸಿಕೊಳ್ಳುತ್ತವೆ.

ತಮಗೆ ಎಂಎಸ್‌ಜಿ ಆಗುವುದಿಲ್ಲ ಎನ್ನುವವರಿಗೇ ಯಾವುದರಲ್ಲಿ ಏನಿದೆ ಎಂದು ಹೇಳದೆ ಕೊಟ್ಟು ನೋಡಿದ ಪ್ರಯೋಗಗಳಾಗಿವೆ. ಲಕ್ಷಣಗಳು ಪ್ರತಿ ಸಲವೂ ಒಂದೇ ರೀತಿ ಬರಲಿಲ್ಲ. ಊಟವಿಲ್ಲದೆ ಒಮ್ಮೆಲೇ 3 ಗ್ರಾಂ ಅಥವಾ ಹೆಚ್ಚು ತಿಂದರೆ ಕೆಲವರಿಗೆ ತಲೆನೋವು, ಬೆವರಿನಂಥ ತಾತ್ಕಾಲಿಕ ಕಿರಿಕಿರಿ ಆಗಬಹುದು. ಎದೆಹಾಲಿನಲ್ಲಿ, ಟೊಮೇಟೊ ಹಣ್ಣಿನಲ್ಲಿ, ಅಣಬೆಯಲ್ಲಿ ಇರುವುದೂ ಇದೇ ಗ್ಲುಟಮೇಟ್. ಅಮ್ಮನ ಟೊಮೇಟೊ ಸಾರು ಅಷ್ಟು ರುಚಿಯಾಗಿರುವುದರಲ್ಲಿ ಅದರ ಪಾಲೂ ಇದೆ ಎಂದಾಗ ಅವರು ನಂಬಲಿಲ್ಲ, ಆದರೆ ಪಟ್ಟಿ ವಾಪಸು ಕೊಟ್ಟರು. ಅಂದಹಾಗೆ, 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ವಿಷಯದಲ್ಲಿ ನಿಷೇಧಿಸಿದ್ದು ಕೃತಕ ಬಣ್ಣಗಳನ್ನು. ಟೇಸ್ಟಿಂಗ್ ಪೌಡರ್ ಅನ್ನು ಅಲ್ಲ.

ಇಕೆಡಾ ಹೇಳಿದ ಐದನೆಯ ರುಚಿಗೆ ನಾಲಗೆಯಲ್ಲಿ ಗ್ರಾಹಕಗಳಿವೆ ಎಂಬುದಕ್ಕೆ ಪುರಾವೆ ಸಿಕ್ಕಿದ್ದು 2000 ಮತ್ತು 2002ರಲ್ಲಿ.

ನಮ್ಮ ರಾಮೆನ್? ಬೆರಳುದ್ದದ ಎರಡು ತುಂಡು ಕೊಂಬು ಮತ್ತು ನಾಲ್ಕು ಒಣ ಶಿಟಾಕೆ ಅಣಬೆಯನ್ನು ಒಂದು ಲೀಟರ್ ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿಟ್ಟು, ಕುದಿ ಬರುವ ಮುನ್ನವೇ ಕೊಂಬು ತೆಗೆದುಬಿಡಿ. ಇಲ್ಲದಿದ್ದರೆ ಲೋಳೆ, ಕಹಿ. ಕೊಂಬು ಮತ್ತು ಅಣಬೆಯ ಉಮಾಮಿಗಳು ಸೇರಿದರೆ ರುಚಿ ಹಲವು ಪಟ್ಟು ಏರುತ್ತದೆ. ಥೈರಾಯ್ಡ್ ತೊಂದರೆ ಇರುವವರು ಕೊಂಬು ಬಳಸುವ ಮುನ್ನ ವೈದ್ಯರನ್ನು ಕೇಳಿ, ಅದರಲ್ಲಿ ಅಯೋಡಿನ್ ತುಂಬಾ ಹೆಚ್ಚು. ಕೊಂಬು ಸಿಗದಿದ್ದರೆ ಅಣಬೆ ಸಾರಿಗೇ ಕಾಲು ಚಮಚ ಎಂಎಸ್‌ಜಿ ಹಾಕಿ, ಉಪ್ಪು ಅಷ್ಟಕ್ಕೆ ಕಡಿಮೆ ಮಾಡಿ. ಉಪ್ಪಿನಲ್ಲಿ ಸೋಡಿಯಂ ಸುಮಾರು ಶೇ 39, ಎಂಎಸ್‌ಜಿಯಲ್ಲಿ ಸುಮಾರು ಶೇ 12. ಬಿಪಿ ಇರುವವರಿಗೆ ಎರಡೂ ಲೆಕ್ಕಕ್ಕೆ ಬರುತ್ತವೆ. ಸೋಯಾ ಸಾಸ್ ಎರಡು ಚಮಚ. ಬೆಳ್ಳುಳ್ಳಿಯನ್ನು ಎಳ್ಳೆಣ್ಣೆಯಲ್ಲಿ ಬಾಡಿಸಿ, ಒಲೆ ಆರಿಸಿ ಮೆಣಸಿನಪುಡಿ ಹಾಕಿ ಮೇಲಿಂದ ಸುರಿಯಿರಿ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಬೇಯಿಸಿದ ನೂಡಲ್ಸ್, ಅರ್ಧ ಮೊಟ್ಟೆ, ಈರುಳ್ಳಿ ಸೊಪ್ಪು. ಹ್ಯಾಮ್ ಬದಲು ನಾವು ಹುರಿದ ಪನೀರ್ ಹಾಕಿದೆವು.

ಮೇಲೆ ತಟ್ಟೆ ಮುಚ್ಚಿ ಕಾಯಿಸಿದೆ. ತೆಗೆದಾಗ ಮಗು ಪೊನ್ಯೊ ಥರವೇ ಕಿರುಚಿತು, ಆಮೇಲೆ ಖಾರಕ್ಕೆ ಎರಡು ಲೋಟ ಮಜ್ಜಿಗೆ ಕುಡಿಯಿತು.